ಎರಡು ಲಕ್ಷಕ್ಕೆ ತಕ್ಕ ಪ್ರಶ್ನೆ: ವಿಶ್ವವಿದ್ಯಾಲಯದ ಆಂತರಿಕ ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕುವ ಬಗೆ

ವಿಶ್ವವಿದ್ಯಾಲಯ ತನ್ನದೇ ಅಧ್ಯಾಪಕರಿಗೆ ಕೊಡುವ ಸಂಶೋಧನಾ ಹಣಕ್ಕಾಗಿ ಬರುವ ಅರ್ಜಿಗಳನ್ನು ಓದುವ ಅವಕಾಶ ನನಗೆ ಆಗಾಗ ಸಿಕ್ಕಿದೆ. ಬಿದ್ದುಹೋಗುವ ಅರ್ಜಿಗಳಲ್ಲಿ ವಿದ್ವತ್ತಿನ ಕೊರತೆ ಕಂಡದ್ದು ಕಡಿಮೆ. ಹಣ ಒಂದೆರಡು ಲಕ್ಷ, ಅವಧಿ ಒಂದು ವರ್ಷ. ಎತ್ತಿಕೊಂಡ ಪ್ರಶ್ನೆಗೆ ಮಾತ್ರ ಹತ್ತು ಜನರ ತಂಡವೂ ಐದು ವರ್ಷವೂ ಬೇಕು. ಹೆಚ್ಚಿನವು ಎಡವುವುದು ಇಲ್ಲಿಯೇ. ಮಂಗಳೂರು, ಉಡುಪಿ ಕಡೆಯ ಯುವ ಅಧ್ಯಾಪಕರಲ್ಲಿ ಒಳ್ಳೆಯ ಪ್ರಶ್ನೆಗಳಿಗೆ ಬರವಿಲ್ಲ. ಮೊದಲ ಹಣ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅವು ಕಡತದಲ್ಲಿ ಕೊಳೆಯಬಾರದು.

ಸೀಡ್ ಮನಿ, ಬೀಜಧನ, ಆಂತರಿಕ ಅನುದಾನ, ಇಂಟ್ರಾಮ್ಯೂರಲ್ ಗ್ರಾಂಟ್ ಎಂದು ಸಂಸ್ಥೆಗೊಂದು ಹೆಸರಿದ್ದರೂ ಉದ್ದೇಶ ಒಂದೇ: ಹೊರಗಿನಿಂದ ದೊಡ್ಡ ಯೋಜನೆ ತರಲು ಬೇಕಾದ ಮೊದಲ ದತ್ತಾಂಶವನ್ನು ಕಲೆಹಾಕಲು ಅಧ್ಯಾಪಕರಿಗೆ ನೆರವಾಗುವುದು. ಇದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಮೌಲ್ಯಮಾಪನದಲ್ಲಿ ಸಂಶೋಧನೆಗೂ ಒಂದು ಮಾನದಂಡವಿದೆ. ಅಧ್ಯಾಪಕರಿಗೆ ಎಷ್ಟು ಬೀಜಧನ ಕೊಟ್ಟಿದ್ದೀರಿ ಎಂದು ಅದು ವಿಶ್ವವಿದ್ಯಾಲಯಗಳನ್ನು ಕೇಳುತ್ತ ಬಂದಿದೆ. ನಿಮಗೆ ಹಣ ಬೇಕಾಗಿರುವಂತೆ ಒಳ್ಳೆಯ ಅರ್ಜಿ ಸಂಸ್ಥೆಗೂ ಬೇಕಾಗಿದೆ.

ಮೊದಲು ಸುತ್ತೋಲೆ

ನಮ್ಮ ಕರಾವಳಿಯಲ್ಲಿ ಹಲವು ಬಗೆಯ ವಿಶ್ವವಿದ್ಯಾಲಯಗಳಿವೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ 1980ರಲ್ಲಿ ಆರಂಭವಾದ ಸರ್ಕಾರಿ ವಿಶ್ವವಿದ್ಯಾಲಯ. ಮಣಿಪಾಲದ ಮಾಹೆ (ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಶನ್) 1993ರಿಂದ ಪರಿಗಣಿತ (ಡೀಮ್ಡ್) ವಿಶ್ವವಿದ್ಯಾಲಯ. ದೇರಳಕಟ್ಟೆಯ ನಿಟ್ಟೆ ಮತ್ತು ಯೆನೆಪೋಯ ಕೂಡ ಅದೇ ಸಾಲಿನವು. 1880ರಲ್ಲಿ ಕಾಲೇಜಾಗಿ ಹುಟ್ಟಿದ ಸಂತ ಅಲೋಶಿಯಸ್ 2024ರಲ್ಲಿ ಆ ಸ್ಥಾನ ಪಡೆಯಿತು. ಮುಕ್ಕದ ಶ್ರೀನಿವಾಸ ಖಾಸಗಿ ವಿಶ್ವವಿದ್ಯಾಲಯ. ಹೀಗಾಗಿ ಮಣಿಪಾಲದ ಗೆಳೆಯರು ಕಳುಹಿಸಿದ ಅರ್ಜಿಯ ಮಾದರಿಯನ್ನು ಕೊಣಾಜೆಯಲ್ಲಿ ಹಾಗೆಯೇ ಬಳಸಲಾಗದು. ಸರ್ಕಾರಿ ವಿಶ್ವವಿದ್ಯಾಲಯದ ಖರೀದಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯಿಸುತ್ತದೆ. ಖಾಸಗಿ ಆಡಳಿತದ ಸಂಸ್ಥೆಗಳಿಗೆ ತಮ್ಮದೇ ಖರೀದಿ ನಿಯಮಗಳಿರುತ್ತವೆ.

ಸುತ್ತೋಲೆ ಕೈಗೆ ಬಂದೊಡನೆ ಕೊನೆಯ ದಿನಾಂಕವನ್ನಷ್ಟೇ ನೋಡಿ ಬದಿಗಿಡಬೇಡಿ. ಸೇವಾವಧಿ ಎಷ್ಟಿರಬೇಕು, ಪಿಎಚ್‌.ಡಿ. ಕಡ್ಡಾಯವೇ, ಅತಿಥಿ ಅಥವಾ ಗುತ್ತಿಗೆ ಅಧ್ಯಾಪಕರಿಗೆ ಅವಕಾಶವಿದೆಯೇ, ಹಿಂದಿನ ಅನುದಾನದ ಅಂತಿಮ ವರದಿ ಬಾಕಿಯಿದ್ದರೆ ಅರ್ಜಿ ಹಾಕಬಹುದೇ, ಉಪಕರಣ ಕೊಳ್ಳಲು ಮಿತಿಯಿದೆಯೇ ಎಂದು ನೋಡಿ. ಸಂಯೋಜಿತ ಕಾಲೇಜಿನಲ್ಲಿ ಕಲಿಸುವವರಾದರೆ ಯೋಜನೆ ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನು ಸಂಶೋಧನಾ ವಿಭಾಗದಿಂದ ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಿ. ಕಳೆದ ಸಲ ಯಾವ ವಿಷಯಗಳಿಗೆ ಹಣ ಸಿಕ್ಕಿತ್ತು ಎಂಬ ಪಟ್ಟಿ ಹೆಚ್ಚಾಗಿ ವಾರ್ಷಿಕ ವರದಿಯಲ್ಲಿ ಇರುತ್ತದೆ. ಅದನ್ನು ಓದಲು ಅರ್ಧ ಗಂಟೆ ಸಾಕು.

ಪ್ರಶ್ನೆಯನ್ನು ಕತ್ತರಿಸುವುದು

ಈ ಹಂತಕ್ಕೆ ಸಮಯ ಧಾರಾಳವಾಗಿ ಕೊಡಿ. ಒಂದು ಉದಾಹರಣೆ ನೋಡೋಣ. ಪ್ರಾಣಿಶಾಸ್ತ್ರದ ಅಧ್ಯಾಪಕಿಯೊಬ್ಬರು ‘ಕರ್ನಾಟಕ ಕರಾವಳಿಯ ಚಿಪ್ಪುಮೀನುಗಳಲ್ಲಿ ಮೈಕ್ರೋಪ್ಲಾಸ್ಟಿಕ್: ಒಂದು ಸಮಗ್ರ ಅಧ್ಯಯನ’ ಎಂಬ ಶೀರ್ಷಿಕೆಯಿಂದ ಆರಂಭಿಸುತ್ತಾರೆ ಎಂದಿಟ್ಟುಕೊಳ್ಳಿ. ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿ ಮುನ್ನೂರು ಕಿಲೋಮೀಟರಿನಷ್ಟು ಉದ್ದ. ನದಿಗಳು ಹಲವು, ಚಿಪ್ಪುಮೀನುಗಳ ಜಾತಿಗಳು ಇನ್ನೂ ಹಲವು. ಎರಡು ಲಕ್ಷ ರೂಪಾಯಿಯಲ್ಲಿ ಇದಾಗುವುದಿಲ್ಲ ಎಂದು ಶೀರ್ಷಿಕೆ ಓದಿದಾಗಲೇ ಸಮಿತಿಗೆ ಗೊತ್ತಾಗುತ್ತದೆ.

ಅದೇ ಪ್ರಶ್ನೆಯನ್ನು ಸಣ್ಣದು ಮಾಡೋಣ. ಒಂದೇ ಜಾತಿಯ ಮರುವಾಯಿ (ಕಪ್ಪೆಚಿಪ್ಪು). ಎರಡು ಅಳಿವೆಗಳು: ಶಾಂಭವಿ ಮತ್ತು ನಂದಿನಿ ಸೇರುವ ಮೂಲ್ಕಿ ಒಂದು, ಸ್ವರ್ಣಾ ಮತ್ತು ಸೀತಾ ನದಿಗಳ ಕೋಡಿ ಬೆಂಗ್ರೆ ಇನ್ನೊಂದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ. ಪ್ರತಿ ಅಳಿವೆಯಲ್ಲಿ ಮೂರು ತಾಣ, ತಾಣಕ್ಕೆ ಮೂವತ್ತು ಚಿಪ್ಪು. ಎರಡು ಅಳಿವೆ, ಎರಡು ಕಾಲ, ಮೂರು ತಾಣ, ಮೂವತ್ತು ಚಿಪ್ಪು ಎಂದರೆ ಒಟ್ಟು 360 ಮಾದರಿ. ಒಬ್ಬ ಅಧ್ಯಾಪಕಿ ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳ ನೆರವಿನಿಂದ ಪಾಠ ಮಾಡುತ್ತಲೇ ಒಂದು ವರ್ಷದಲ್ಲಿ ಮುಗಿಸಬಹುದಾದ ಕೆಲಸ ಇದು. ಸಿಕ್ಕ ಎಲ್ಲ ಕಣಗಳನ್ನೂ ಎಫ್‌ಟಿಐಆರ್ (ಕಣ ಯಾವ ಬಗೆಯ ಪ್ಲಾಸ್ಟಿಕ್ ಎಂದು ಗುರುತಿಸುವ) ಪರೀಕ್ಷೆಗೆ ಕಳುಹಿಸುವ ಅಗತ್ಯವೂ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಆಯ್ದ ಭಾಗವನ್ನಷ್ಟೇ ಕಳುಹಿಸಬಹುದು. ಆ ಆಯ್ಕೆಯನ್ನು ಹೇಗೆ ಮಾಡುತ್ತೀರಿ ಎಂದು ಒಂದು ಸಾಲಿನಲ್ಲಿ ಬರೆದರೆ, ಇವರು ಕೆಲಸವನ್ನು ಮನಸ್ಸಿನಲ್ಲೇ ಒಮ್ಮೆ ಮಾಡಿ ನೋಡಿದ್ದಾರೆ ಎಂಬ ನಂಬಿಕೆ ಓದುವವರಲ್ಲಿ ಹುಟ್ಟುತ್ತದೆ.

ಮಾನವಿಕ ವಿಭಾಗದವರಿಗೂ ಇದೇ ಮಾತು. ‘ತುಳು ಪಾಡ್ದನಗಳಲ್ಲಿ ಸ್ತ್ರೀ ಸಂವೇದನೆ’ (ಪಾಡ್ದನವೆಂದರೆ ತುಳುವಿನ ಜನಪದ ಕಥನಗೀತೆ) ಎಂಬುದು ಪುಸ್ತಕದ ಶೀರ್ಷಿಕೆಯಾಗಬಹುದು, ಒಂದು ವರ್ಷದ ಯೋಜನೆಯಾಗದು. ಬೆಳ್ತಂಗಡಿ ತಾಲ್ಲೂಕಿನ ಎರಡು ಗ್ರಾಮಗಳಲ್ಲಿ ನೇಜಿ (ಭತ್ತದ ಸಸಿ) ನೆಡುವ ಹೊತ್ತಿನ ಪಾಡ್ದನಗಳನ್ನು ಈಗಲೂ ಹಾಡಬಲ್ಲ ಹಿರಿಯ ಹೆಂಗಸರಿಂದ ಕೇಳಿ, ಧ್ವನಿಮುದ್ರಿಸಿ, ಲಿಪ್ಯಂತರ ಮಾಡಿ, ಈಗಾಗಲೇ ಮುದ್ರಣಗೊಂಡ ಪಾಠಗಳೊಂದಿಗೆ ಹೋಲಿಸುವುದು ಒಂದು ಯೋಜನೆ. ಮುದ್ರಿತ ಪಾಠಗಳಿಗಾಗಿ ಎಲ್ಲೆಲ್ಲೋ ಹುಡುಕಬೇಕಾಗಿಲ್ಲ, ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಕಡೆ ದಶಕಗಳ ಕೆಲಸ ನಡೆದಿದೆ. ಆರು ಸಂಪುಟಗಳ ತುಳು ನಿಘಂಟು ರೂಪುಗೊಂಡದ್ದೂ ಅಲ್ಲಿಯೇ. ಅರ್ಜಿ ಬರೆಯುವ ಮುಂಚೆ ಅಂಥ ಸಂಗ್ರಹದಲ್ಲಿ ಏನಿದೆ ಎಂದು ನೋಡಿ ಬನ್ನಿ. ಮುದ್ರಿಸಿಟ್ಟ ಸಾಮಗ್ರಿಯನ್ನು ಮತ್ತೆ ಸಂಗ್ರಹಿಸಲು ಹಣ ಕೇಳಿದರೆ, ಸಮಿತಿಯಲ್ಲಿ ಕುಳಿತ ಕನ್ನಡ ಪ್ರಾಧ್ಯಾಪಕರು ಅದನ್ನು ಮೊದಲ ಓದಿನಲ್ಲೇ ಹಿಡಿಯುತ್ತಾರೆ.

ಕತ್ತರಿಸಿದ ಪ್ರಶ್ನೆ ಸಾಕಷ್ಟು ಸಣ್ಣದಾಗಿದೆಯೇ ಎಂದು ತಿಳಿಯಲು ನಾನು ಬಳಸುವ ಪರೀಕ್ಷೆ ಹೀಗಿದೆ: ವರ್ಷದ ಕೊನೆಗೆ ಕೈಯಲ್ಲಿರುವ ಕೋಷ್ಟಕ ಅಥವಾ ಸಂಗ್ರಹ ಹೇಗಿರುತ್ತದೆ ಎಂದು ಈಗಲೇ ಖಾಲಿ ಹಾಳೆಯಲ್ಲಿ ಬರೆಯಿರಿ. ಯಾವ ಸಾಲು, ಯಾವ ಕಂಬಸಾಲು, ಎಷ್ಟು ಮನೆಗಳು ತುಂಬಬೇಕು ಎಂದು ಬರೆಯಲು ಬಂದರೆ ಪ್ರಶ್ನೆ ಸಿದ್ಧವಾಗಿದೆ. ಬರದಿದ್ದರೆ ಇನ್ನೂ ಕತ್ತರಿಸಬೇಕು.

ಊರಿನ ಋತುಮಾನಕ್ಕೆ ಒಗ್ಗುವ ವೇಳಾಪಟ್ಟಿ

‘ಮೊದಲ ಮೂರು ತಿಂಗಳು ಸಾಹಿತ್ಯ ಸಮೀಕ್ಷೆ, ನಂತರದ ಆರು ತಿಂಗಳು ದತ್ತಾಂಶ ಸಂಗ್ರಹ, ಕೊನೆಯ ಮೂರು ತಿಂಗಳು ವಿಶ್ಲೇಷಣೆ’ ಎಂಬ ವೇಳಾಪಟ್ಟಿ ಅರ್ಜಿಯಿಂದ ಅರ್ಜಿಗೆ ನಕಲಾಗುತ್ತ ಬರುತ್ತದೆ. ನಮ್ಮ ಕರಾವಳಿಯ ಕೆಲಸಗಳಿಗೆ ಅದು ಹೊಂದುವುದೇ ಇಲ್ಲ.

ಮಲ್ಪೆ ಬಂದರಿಗೋ ಮಂಗಳೂರಿನ ದಕ್ಕೆಗೋ ಬರುವ ಟ್ರಾಲ್ ದೋಣಿಗಳ ಮೀನು ನಿಮ್ಮ ಮಾದರಿಯಾದರೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳಲ್ಲಿ ಮಾದರಿ ಸಂಗ್ರಹ ಎಂದು ಬರೆದಿದ್ದರೆ ಅರ್ಜಿ ಅಲ್ಲಿಗೇ ಸಡಿಲವಾಯಿತು. ಭೂತಕೋಲ, ಯಕ್ಷಗಾನ ಮೇಳಗಳ ಮೇಲೆ ಕ್ಷೇತ್ರಕಾರ್ಯ ಮಾಡುವವರಿಗೆ ಪತ್ತನಾಜೆಯೇ ಗಡಿ: ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಮೇ ಕೊನೆಯ ಹೊತ್ತಿಗೆ, ತಿರುಗಾಟದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮತ್ತೆ ಹೊರಡುವುದು ದೀಪಾವಳಿ ಕಳೆದ ಮೇಲೆ. ಕಂಬಳಕ್ಕೆ ನವೆಂಬರಿನಿಂದ ಬೇಸಿಗೆಯ ಆರಂಭದವರೆಗಿನ ಅವಧಿ. ಪಾಡ್ದನದ ಕೆಲಸಕ್ಕೆ ಇದೇ ತಿರುಗುಮುರುಗು, ಮಳೆ ಹಿಡಿದು ಗದ್ದೆಗೆ ಇಳಿಯುವ ಜೂನ್–ಜುಲೈ ತಿಂಗಳೇ ಅದಕ್ಕೆ ಸುಗ್ಗಿ. ಜೊತೆಗೆ ನಿಮ್ಮದೇ ಪರೀಕ್ಷೆ, ಮೌಲ್ಯಮಾಪನದ ವಾರಗಳಿರುತ್ತವೆ. ಅವನ್ನೂ ವೇಳಾಪಟ್ಟಿಯಲ್ಲಿ ತೋರಿಸಿ ‘ಈ ಅವಧಿಯಲ್ಲಿ ಕ್ಷೇತ್ರಕಾರ್ಯವಿಲ್ಲ’ ಎಂದು ಬರೆದರೆ ಯಾರೂ ಕಡಿಮೆಯೆಂದು ಎಣಿಸುವುದಿಲ್ಲ.

ಮಂಜೂರಾತಿ ಆದೇಶ ಯಾವ ತಿಂಗಳಲ್ಲಿ ಬರುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ‘ಆದೇಶ ಸೆಪ್ಟೆಂಬರ್ ಒಳಗೆ ಬಂದರೆ ಹೀಗೆ, ಜನವರಿಗೆ ಹೋದರೆ ಹೀಗೆ’ ಎಂದು ಎರಡು ಸಾಲು ಸೇರಿಸಿ.

ಅನುಮತಿಗಳು

ಮನುಷ್ಯರ ಮೇಲಿನ ವೈದ್ಯಕೀಯ ಅಧ್ಯಯನಕ್ಕೆ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ಮಾರ್ಗಸೂಚಿಯೇ ಅದಕ್ಕೆ ಆಧಾರ. ಚಿಕಿತ್ಸಾ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಭಾರತದ ಕ್ಲಿನಿಕಲ್ ಟ್ರಯಲ್ಸ್ ನೋಂದಣಿ ವ್ಯವಸ್ಥೆಯಲ್ಲಿ ದಾಖಲಿಸಬೇಕು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಬೇರೆಯೇ ನೈತಿಕ ಸಮಿತಿಯಿದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಅಥವಾ ಮೂಕಾಂಬಿಕಾ ವನ್ಯಜೀವಿಧಾಮದೊಳಗೆ ಕಾಲಿಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬಲೆಗೆ ತಾನಾಗಿ ಬಿದ್ದ ಕಡಲಕುದುರೆಯನ್ನು ಪ್ರಯೋಗಾಲಯಕ್ಕೆ ಒಯ್ಯುವುದೂ ಸುಲಭವಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ.

ಹೆಚ್ಚಿನ ಸಂಸ್ಥೆಗಳಲ್ಲಿ ಒಪ್ಪಿಗೆ ಪತ್ರವಿಲ್ಲದೆ ಹಣ ಬಿಡುಗಡೆಯಾಗುವುದಿಲ್ಲ, ಅರ್ಜಿಯ ಹಂತದಲ್ಲಿ ಸಲ್ಲಿಕೆಯ ರಸೀದಿ ಇದ್ದರೂ ನಡೆಯುತ್ತದೆ. ಅರ್ಜಿ, ಅನುಮತಿ ಎರಡರ ಕೆಲಸವನ್ನೂ ಒಟ್ಟಿಗೆ ಆರಂಭಿಸಿ. ಅರಣ್ಯ ಇಲಾಖೆಯ ಕಾಗದಕ್ಕೆ ತಿಂಗಳುಗಳೇ ಹಿಡಿಯಬಹುದು. ಓದುಬರಹ ಬಾರದ ಹಿರಿಯರಿಂದ ಹಾಡು, ಕಥೆ ದಾಖಲಿಸುವವರು ಒಪ್ಪಿಗೆಯ ಮಾತನ್ನು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಓದಿ ಹೇಳಿ, ಅವರ ಉತ್ತರವನ್ನೂ ಧ್ವನಿಮುದ್ರಿಸಿಕೊಳ್ಳುವ ವಿಧಾನವನ್ನು ಅರ್ಜಿಯಲ್ಲಿ ವಿವರಿಸಬೇಕು.

ಲೆಕ್ಕ

ಸಮಿತಿಯ ಸದಸ್ಯರು ಶೀರ್ಷಿಕೆಯಾದ ಮೇಲೆ ನೇರವಾಗಿ ತೆರೆಯುವ ಪುಟ ಇದು. ವಿಧಾನದ ಪುಟ ಅರ್ಥವಾಗದವರೂ ಲೆಕ್ಕದ ಪುಟವನ್ನು ಚೆನ್ನಾಗಿ ಓದಬಲ್ಲರು. ಹಣಕಾಸು ಅಧಿಕಾರಿಯಂತೂ ಇದನ್ನೇ ಓದುತ್ತಾರೆ.

ಮೊದಲಿಗೆ ಸಂಬಳ. ಪೂರ್ಣಾವಧಿ ಸಂಶೋಧನಾ ಸಹಾಯಕರನ್ನು ಕೇಳುವ ಆಸೆ ಸಹಜ. ಆದರೆ ಕೇಂದ್ರ ಸರ್ಕಾರದ ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ವರ್ಷಕ್ಕೆ 4,44,000, ಮನೆ ಬಾಡಿಗೆ ಭತ್ಯೆ ಬೇರೆ. ಎರಡು ಲಕ್ಷದ ಅನುದಾನ ಅದರ ಅರ್ಧಕ್ಕೂ ಸಾಲದು. ಕ್ಷೇತ್ರಕಾರ್ಯದ ಕೆಲವೇ ತಿಂಗಳಿಗೆ ಅರೆಕಾಲಿಕ ಸಹಾಯಕರನ್ನು ಕೇಳಿ; ಅಥವಾ ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧವನ್ನು ಯೋಜನೆಯೊಂದಿಗೆ ಜೋಡಿಸಿ, ಅವರ ಪ್ರಯಾಣ ಮತ್ತು ಸಾಮಗ್ರಿಯ ವೆಚ್ಚವನ್ನು ತೋರಿಸಿ. ವಿದ್ಯಾರ್ಥಿಗಳ ಹೆಸರು ಪ್ರಬಂಧದಲ್ಲಿ ಸಹಲೇಖಕರಾಗಿ ಬರುತ್ತದೆ ಎಂದು ಬರೆಯುವುದನ್ನು ಮರೆಯಬೇಡಿ. ಬರೆದಂತೆ ನಡೆದುಕೊಳ್ಳುವುದನ್ನೂ.

ಉಪಕರಣದ ವಿಷಯದಲ್ಲಿ ನನ್ನ ನಿಲುವು ಖಚಿತ: ಇದ್ದದ್ದನ್ನು ಬಳಸಿ. ಕೊಣಾಜೆಯಲ್ಲಾಗಲಿ ಮಣಿಪಾಲದಲ್ಲಾಗಲಿ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಎನ್‌ಐಟಿಕೆಯಲ್ಲಾಗಲಿ ದುಬಾರಿ ಉಪಕರಣಗಳು ಈಗಾಗಲೇ ಇವೆ. ಮಾದರಿಗೆ ಇಷ್ಟು ಎಂದು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದಾದಲ್ಲಿ ಅವರ ದರಪಟ್ಟಿಯನ್ನು ತರಿಸಿ ಅರ್ಜಿಗೆ ಲಗತ್ತಿಸಿ. ಒಂದೂವರೆ ಲಕ್ಷದ ಯಂತ್ರ ಕೊಂಡು, ಅದನ್ನು ನಡೆಸಲು ಬೇಕಾದ ರಾಸಾಯನಿಕಕ್ಕೆ ಹಣವಿಲ್ಲದೆ ಧೂಳು ಹಿಡಿಸಿದ ಕೋಣೆಗಳು ಎಲ್ಲ ಕ್ಯಾಂಪಸ್ಸುಗಳಲ್ಲೂ ಇವೆ.

ಕೊಳ್ಳಲೇಬೇಕಾದದ್ದಕ್ಕೆ ಈ ವರ್ಷದ ದಿನಾಂಕವಿರುವ ದರಪಟ್ಟಿ ತರಿಸಿ, ಜಿಎಸ್‌ಟಿ ಸೇರಿಸಿ ಬರೆಯಿರಿ. ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗೆ ಹಿಂದೆ ಶೇ 5ರ ರಿಯಾಯಿತಿ ದರವಿತ್ತು. 2022ರ ಜುಲೈ 18ರಿಂದ ಅದು ರದ್ದಾಗಿದೆ. ಹಳೆಯ ಅರ್ಜಿಯ ಲೆಕ್ಕವನ್ನು ನಕಲು ಮಾಡಿದವರು ಸಿಕ್ಕಿಬೀಳುವುದು ಇಲ್ಲಿ. ತೆರಿಗೆಯಿಲ್ಲದೆ 85,000 ರೂಪಾಯಿಯ ವಸ್ತುವಿಗೆ ಶೇ 18 ಸೇರಿದರೆ 1,00,300 ಆಗುತ್ತದೆ. ಉಪಕರಣಕ್ಕೆ ಒಂದು ಲಕ್ಷದ ಮಿತಿಯಿದ್ದರೆ ಆ 300 ರೂಪಾಯಿಗಾಗಿ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಮರುವಾಯಿಯ ಉದಾಹರಣೆಗೆ ಎರಡು ಲಕ್ಷವನ್ನು ಹೀಗೆ ಹಂಚಬಹುದು: ರಾಸಾಯನಿಕ, ಫಿಲ್ಟರ್ ಕಾಗದ, ಗಾಜಿನ ಸಾಮಗ್ರಿಗೆ 75,000, ಹೊರಗಿನ ಪರೀಕ್ಷಾ ಶುಲ್ಕಕ್ಕೆ 60,000, ದೋಣಿ ಬಾಡಿಗೆ ಮತ್ತು ಪ್ರಯಾಣಕ್ಕೆ 30,000, ಅರೆಕಾಲಿಕ ನೆರವಿಗೆ 25,000, ಇತರೆಗೆ 10,000. ಅಂಕಿಗಳು ನಿಮ್ಮ ದರಪಟ್ಟಿಗೆ ತಕ್ಕಂತೆ ಬದಲಾಗುತ್ತವೆ. ಮುಖ್ಯವಾದದ್ದು ಪ್ರತಿ ಸಾಲಿನ ಪಕ್ಕದಲ್ಲಿರುವ ಸಮರ್ಥನೆ. ‘ಪ್ರಯಾಣ 30,000’ ಎಂದು ಬರೆದು ಬಿಡುವುದಕ್ಕೂ, ಎಷ್ಟು ಸಲ, ಎಲ್ಲಿಗೆ, ಎಷ್ಟು ಜನ, ದಿನಕ್ಕೆ ದೋಣಿ ಬಾಡಿಗೆ ಎಷ್ಟು ಎಂದು ಬಿಡಿಸಿ ಬರೆಯುವುದಕ್ಕೂ ಅಜಗಜಾಂತರ. ಮೊತ್ತ ತಗ್ಗಿಸಬೇಕಾಗಿ ಬಂದಾಗ ಸಮಿತಿ ಮೊದಲು ಕತ್ತರಿ ಹಾಕುವುದು ಬಿಡಿಸಿ ಬರೆಯದ ಸಾಲಿಗೆ.

ಮಾನವಿಕ ವಿಭಾಗದವರು ಕೈಬಿಡಬಾರದ ಒಂದು ಸಾಲಿದೆ: ಕಲಾವಿದರ, ಹಾಡುಗಾರರ ಗೌರವಧನ. ಗದ್ದೆ ಕೆಲಸ, ಬೀಡಿ ಕಟ್ಟುವ ಕೆಲಸ ಬಿಟ್ಟು ಅರ್ಧ ದಿನ ಕೂತು ಹಾಡುವ ತಾಯಂದಿರು ಆ ದಿನದ ಕೂಲಿ ಕಳೆದುಕೊಳ್ಳುತ್ತಾರೆ. ಅವರ ನೆನಪಿನಿಂದ ನಮಗೆ ಪ್ರಬಂಧ, ಬಡ್ತಿ ಎಲ್ಲ ಸಿಗುತ್ತದೆ. ಅವರಿಗೆ ವೀಳ್ಯದೆಲೆ ಕೊಟ್ಟು ಕೈಮುಗಿದು ಬರುವುದು ನ್ಯಾಯವಲ್ಲ. ‘ಮಾಹಿತಿದಾರರಿಗೆ ಹಣ ಕೊಡುವುದೇಕೆ’ ಎಂದು ಸಮಿತಿಯಲ್ಲಿ ಯಾರಾದರೂ ಕೇಳಿದರೆ ಇದನ್ನೇ ಹೇಳಿ, ಹಿಂಜರಿಯಬೇಡಿ. ಲಿಪ್ಯಂತರ, ಬೆರಳಚ್ಚಿನ ವೆಚ್ಚವನ್ನೂ ಸೇರಿಸಿ. ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸಲು ಹಲವು ಗಂಟೆಗಳ ದುಡಿಮೆ ಬೇಕು. ಧ್ವನಿಮುದ್ರಿಕೆಗಳ ಒಂದು ಪ್ರತಿಯನ್ನು ಯಾವ ಸಂಗ್ರಹಕ್ಕೆ ಒಪ್ಪಿಸುತ್ತೀರಿ ಎಂದೂ ಹೇಳಿ.

ಬರೆಯುವಾಗ

ಆಂತರಿಕ ಸಮಿತಿಯಲ್ಲಿ ನಿಮ್ಮ ವಿಷಯದವರು ಒಬ್ಬರಿದ್ದರೆ ಹೆಚ್ಚು. ಉಳಿದವರು ವಾಣಿಜ್ಯ, ಭೌತಶಾಸ್ತ್ರ, ಇತಿಹಾಸದವರು. ಸಾರಾಂಶವನ್ನು ಅವರಿಗಾಗಿ ಬರೆಯಿರಿ. ಮೊದಲ ಎರಡು ವಾಕ್ಯಗಳಲ್ಲಿ ಸಮಸ್ಯೆ, ಮೂರನೆಯದರಲ್ಲಿ ನಿಮ್ಮ ಪ್ರಶ್ನೆ, ನಂತರ ವಿಧಾನ ಬರಲಿ. ‘ಜಾಗತಿಕವಾಗಿ ಇಂದು’ ಎಂದು ಆರಂಭಿಸುವ ಬದಲು ‘ಮೂಲ್ಕಿ ಅಳಿವೆಯ ಮರುವಾಯಿ ನಮ್ಮ ಮನೆಗಳ ಊಟದಲ್ಲಿದೆ, ಅದರೊಳಗೆ ಪ್ಲಾಸ್ಟಿಕ್ ಎಷ್ಟಿದೆ ಎಂದು ಅಳೆಯಬೇಕಾಗಿದೆ’ ಎಂದರೆ ಓದುವವರು ಮುಂದಿನ ವಾಕ್ಯಕ್ಕೆ ತಾವಾಗಿಯೇ ಹೋಗುತ್ತಾರೆ.

ಸಾಹಿತ್ಯ ಸಮೀಕ್ಷೆಗೆ ಒಂದು ಪುಟ ಸಾಕು. ಹಳೆಯ ಪ್ರಬಂಧದ ಪ್ಯಾರಾಗಳನ್ನು ಎತ್ತಿ ಅಂಟಿಸಬೇಡಿ. ಹಲವು ಸಂಸ್ಥೆಗಳು ಅರ್ಜಿಗಳನ್ನೂ ಹೋಲಿಕೆ ಪತ್ತೆಯ ತಂತ್ರಾಂಶಕ್ಕೆ ಹಾಕುತ್ತವೆ. ಕೃತಿಚೌರ್ಯ ಕುರಿತ ಯುಜಿಸಿಯ 2018ರ ನಿಯಮಾವಳಿ ಹೇಳುವ ಶೇ 10ರ ಗೆರೆಯನ್ನೇ ಅಲ್ಲಿಯೂ ಬಳಸುವುದುಂಟು. ಪರಿಣಾಮಗಳ ಭಾಗದಲ್ಲಿ ಐದು ಪ್ರಬಂಧ, ಒಂದು ಪೇಟೆಂಟ್ ಎಂದು ಮಾತು ಕೊಡುವುದೂ ಬೇಡ. ಒಂದು ಒಳ್ಳೆಯ ಪ್ರಬಂಧ, ಹೊರಗಿನ ಒಂದು ಸಂಸ್ಥೆಗೆ ಸಲ್ಲಿಸುವ ಒಂದು ಯೋಜನೆ ಎಂದರೆ ಸಾಕು. ಯಾವ ಸಂಸ್ಥೆಗೆ ಎಂಬುದನ್ನು ಹೆಸರಿಸಿ. ವಿಜ್ಞಾನದವರಿಗೆ 2023ರ ಕಾಯ್ದೆಯಿಂದ ರೂಪುಗೊಂಡ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವಿದೆ. ಹಿಂದಿನ ಸರ್ಬ್ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಈಗ ಅದರೊಳಗೆ ಸೇರಿದೆ, ವೃತ್ತಿಯ ಆರಂಭದಲ್ಲಿರುವವರಿಗೆ ಅಲ್ಲಿ ಪ್ರತ್ಯೇಕ ಅನುದಾನವೂ ಇದೆ. ಸಮಾಜ ವಿಜ್ಞಾನದವರಿಗೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯಾದ ಐಸಿಎಸ್‌ಎಸ್‌ಆರ್‌ನ ಕಿರು ಮತ್ತು ಬೃಹತ್ ಯೋಜನೆಗಳಿವೆ.

ಅರ್ಜಿ ಕಳುಹಿಸುವ ಮುಂಚೆ ಬೇರೆ ವಿಭಾಗದ ಒಬ್ಬರಿಗೆ ಓದಲು ಕೊಡಿ. ವಿಭಾಗ ಮುಖ್ಯಸ್ಥರ ಸಹಿಗೆ ಕೊನೆಯ ಸಂಜೆ ಹೋಗಬೇಡಿ. ಅವರು ಊರಲ್ಲಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಸಮಿತಿಯ ಮುಂದೆ

ಕರೆ ಬಂದರೆ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ಆರು ಸ್ಲೈಡು ಸಾಕು. ‘ಮಂಜೂರಾತಿಯ ಮೊತ್ತ ಅರ್ಧಕ್ಕಿಳಿದರೆ ಏನು ಮಾಡುತ್ತೀರಿ?’ ಎಂಬ ಪ್ರಶ್ನೆಗೆ ಸಿದ್ಧರಾಗಿರಿ. ‘ಹೇಗೋ ಮಾಡುತ್ತೇನೆ’ ಎಂದರೆ ಮೊದಲ ಲೆಕ್ಕವೇ ಉಬ್ಬಿಸಿದ್ದು ಎಂದಾಗುತ್ತದೆ. ‘ಒಂದು ಅಳಿವೆಯನ್ನು ಬಿಡುತ್ತೇನೆ, ಎರಡೂ ಕಾಲದ ಹೋಲಿಕೆಯನ್ನು ಉಳಿಸಿಕೊಳ್ಳುತ್ತೇನೆ’ ಎನ್ನುವುದು ಯೋಚಿಸಿದವರ ಉತ್ತರ.

ಮಂಜೂರಾದ ಮೇಲೆ

ಆದೇಶದ ದಿನಾಂಕದಿಂದ ಅವಧಿ ಶುರುವೋ, ಹಣ ಬಿಡುಗಡೆಯಾದ ದಿನದಿಂದಲೋ ಎಂದು ಮೊದಲು ನೋಡಿ. ಬಿಲ್ಲುಗಳು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಗೆ ಜಿಎಸ್‌ಟಿ ಸಂಖ್ಯೆಯಿದ್ದರೆ ಅದರೊಂದಿಗೆ ಇರಲಿ. ಕೊಂಡದ್ದು ದಾಸ್ತಾನು ಪುಸ್ತಕಕ್ಕೆ ಏರಲಿ. ಉಪಕರಣ ಸಂಸ್ಥೆಯ ಆಸ್ತಿ, ನೀವು ಕೆಲಸ ಬದಲಿಸಿದರೂ ಅದು ಅಲ್ಲಿಯೇ ಉಳಿಯುತ್ತದೆ. ದೋಣಿಯವರು ಬಿಲ್ಲು ಕೊಡುವುದಿಲ್ಲ. ಅವರಿಂದ ರಸೀದಿಗೆ ಸಹಿ ಪಡೆಯುವ ನಮೂನೆಯನ್ನು ಲೆಕ್ಕಪತ್ರ ಶಾಖೆಯಿಂದ ಮೊದಲೇ ಕೇಳಿ ಇಟ್ಟುಕೊಳ್ಳಿ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಖರ್ಚಾಗದ ಹಣ ಹಿಂದಕ್ಕೆ ಹೋಗಬಹುದು. ಆದ್ದರಿಂದ ದೊಡ್ಡ ಖರೀದಿಗಳನ್ನು ಡಿಸೆಂಬರ್ ಒಳಗೆ ಮುಗಿಸಿ. ಅವಧಿ ವಿಸ್ತರಣೆ ಬೇಕಾದರೆ ಅವಧಿ ಮುಗಿಯುವ ಮುಂಚೆಯೇ, ಏನು ಮುಗಿದಿದೆ ಎಂಬ ವಿವರದೊಂದಿಗೆ ಕೇಳಿ.

ಕೊನೆಗೆ ಹಣ ಬಳಕೆ ಪ್ರಮಾಣಪತ್ರ ಮತ್ತು ಅಂತಿಮ ವರದಿ. ಮರುವಾಯಿಯಲ್ಲಿ ನಿರೀಕ್ಷಿಸಿದಷ್ಟು ಪ್ಲಾಸ್ಟಿಕ್ ಸಿಗಲಿಲ್ಲವೆಂದರೆ ಹಾಗೆಯೇ ಬರೆಯಿರಿ, ಅದೂ ಫಲಿತಾಂಶವೇ. ಪ್ರಬಂಧದ ಕೃತಜ್ಞತೆಯಲ್ಲಿ ಅನುದಾನದ ಆದೇಶ ಸಂಖ್ಯೆ ಇರಲಿ.

ಅರ್ಜಿ ತಿರಸ್ಕೃತವಾದರೆ ಸಂಶೋಧನಾ ವಿಭಾಗಕ್ಕೆ ಹೋಗಿ ಸಮಿತಿಯ ಟಿಪ್ಪಣಿಯನ್ನು ಕೇಳಿ. ಕೇಳಿದವರಿಗೆ ಸಾಮಾನ್ಯವಾಗಿ ಕೊಡುತ್ತಾರೆ, ಕೇಳುವವರು ಕಡಿಮೆ. ಟಿಪ್ಪಣಿಯಲ್ಲಿ ಲೆಕ್ಕದ ಬಗ್ಗೆ ಆಕ್ಷೇಪವಿದ್ದರೆ ಹೊಸ ದರಪಟ್ಟಿಯೊಂದಿಗೆ ಅದೇ ಅರ್ಜಿಯನ್ನು ಮುಂದಿನ ಸಲ ಹಾಕಬಹುದು. ‘ವ್ಯಾಪ್ತಿ ಅಸ್ಪಷ್ಟ’ ಎಂದಿದ್ದರೆ ಆ ಖಾಲಿ ಕೋಷ್ಟಕವನ್ನು ಮತ್ತೆ ತೆಗೆದು, ಒಂದು ತಾಣವನ್ನೋ ಒಂದು ಗ್ರಾಮವನ್ನೋ ಕೈಬಿಟ್ಟು, ಮುಂದಿನ ಸುತ್ತೋಲೆಗೆ ಕಾಯದೆ ಈಗಲೇ ತಿದ್ದಿಡಿ.